ವಾಯುಗುಣದ ಆವರ್ತಗಳು ಮತ್ತು ಮನುಷ್ಯನ ಪಾಲು

೧

ಭೂಮಿಯ ವಾಯುಗುಣವು ಒಂದೇ ತೆರನಾಗಿ ನಿಂತ ಕಾಲವೆಂಬುದಿಲ್ಲ. ಯೂರೋಪ್ ಖಂಡದ ಉತ್ತರ ಭಾಗವೂ ಕೆನಡಾ ದೇಶವೂ ಕಿಲೋಮೀಟರುಗಟ್ಟಲೆ ದಪ್ಪವಾದ ಹಿಮದ ಹೊದಿಕೆಯಡಿ ಹುದುಗಿದ್ದ ಯುಗಗಳು ಸಂದಿವೆ. ಇಂದಿನ ಸಹಾರಾ ಮರುಭೂಮಿಯಲ್ಲಿ ಸರೋವರಗಳು ತುಂಬಿ ನಿಂತು, ದನಗಾಹಿಗಳು ತಮ್ಮ ಮಂದೆಗಳನ್ನು ಹುಲ್ಲುಗಾವಲಿನಲ್ಲಿ ಮೇಯಿಸುತ್ತಿದ್ದ ಕಾಲವೂ ಸಂದಿದೆ. ಈ ಮಾರ್ಪಾಡುಗಳಿಗೆ ಮನುಷ್ಯನು ಕಾರಣನಾಗಿರಲಿಲ್ಲ. ಹಾಗಿದ್ದ ಮೇಲೆ ಈಚಿನ ಒಂದೂವರೆ ಶತಮಾನದಲ್ಲಿ ಕಂಡುಬಂದಿರುವ ತಾಪದ ಏರಿಕೆಯೂ ಅಂಥದೇ ಒಂದು ಸ್ವಾಭಾವಿಕ ಆವರ್ತವಾಗಿರಬಾರದೇಕೆ ಎಂದು ಕೇಳುವ ವಿದ್ಯಾವಂತರು ಇಂದಿಗೂ ಉಂಟು.

ಈ ಪ್ರಶ್ನೆಯನ್ನು ತಿರಸ್ಕಾರದಿಂದ ತಳ್ಳಿಹಾಕುವುದು ಸರಿಯಲ್ಲ. ಆದರೆ ಅದರೊಳಗೆ ಒಂದು ತರ್ಕದೋಷವು ಅಡಗಿದೆ. ಒಂದೇ ಕಾರ್ಯಕ್ಕೆ ಹಲವು ಕಾರಣಗಳಿರಬಹುದು. ಕಳೆದ ವರ್ಷ ರೋಗಿಗೆ ಬಂದುದು ಚಳಿಜ್ವರವಾಗಿತ್ತು ಎಂಬ ಮಾತ್ರಕ್ಕೆ ಈ ವರ್ಷದ ಜ್ವರವೂ ಅದೇ ಎಂದು ಯಾವ ವೈದ್ಯನೂ ನಿರ್ಣಯಿಸುವುದಿಲ್ಲ. ನಾಡಿ ನೋಡುತ್ತಾನೆ, ರಕ್ತವನ್ನು ಪರೀಕ್ಷಿಸುತ್ತಾನೆ, ಒಂದೊಂದು ಜ್ವರಕ್ಕೂ ಇರುವ ಪ್ರತ್ಯೇಕ ಲಕ್ಷಣಗಳನ್ನು ಹುಡುಕುತ್ತಾನೆ. ವಾಯುಗುಣಶಾಸ್ತ್ರವು ಮಾಡಿರುವುದೂ ಇದನ್ನೇ. ಸ್ವಾಭಾವಿಕ ಆವರ್ತಗಳನ್ನು ಮೊದಲು ಕಂಡುಹಿಡಿದು ಅಳೆದವರು ವಿಜ್ಞಾನಿಗಳೇ. ಆ ಅಳತೆಗಳೇ ಇಂದಿನ ಏರಿಕೆಯಲ್ಲಿ ಪ್ರಕೃತಿಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ತೋರಿಸಿವೆ.

೨

ಸ್ವಾಭಾವಿಕ ಆವರ್ತಗಳಲ್ಲಿ ಅತ್ಯಂತ ದೀರ್ಘವಾದವು ಭೂಮಿಯ ಚಲನೆಗೆ ಸಂಬಂಧಪಟ್ಟವು. ಆಲ್ಪ್ಸ್ ಪರ್ವತಕ್ಕೆ ಸೇರಿದ ಹೆಬ್ಬಂಡೆಗಳು ಬಹು ದೂರದ ಜೂರಾ ಬೆಟ್ಟಗಳ ಮೇಲೆ ಬಿದ್ದಿರುವುದನ್ನು ಕಂಡು, ಅವುಗಳನ್ನು ಹೊತ್ತು ತಂದುದು ಹಿಮದ ಹಾಸೇ ಎಂದು ಸ್ವಿಟ್ಸರ್ಲೆಂಡಿನ ಲೂಯಿ ಅಗಾಸಿ ೧೮೩೭ರಲ್ಲಿ ಸಾರಿದನು. ಹಿಮಯುಗವೊಂದು ಇದ್ದಿತೆಂಬ ಮಾತು ಹೀಗೆ ವಿದ್ವಾಂಸರ ಚರ್ಚೆಗೆ ಬಂದಿತು. ಆದರೆ ಅಷ್ಟು ಹಿಮವು ಬಂದುದೇಕೆ, ಹೋದುದೇಕೆ? ಸ್ಕಾಟ್ಲೆಂಡಿನ ಜೇಮ್ಸ್ ಕ್ರೋಲ್ ೧೮೬೦ರ ದಶಕದಲ್ಲಿ ಇದಕ್ಕೆ ಭೂಕಕ್ಷೆಯ ವ್ಯತ್ಯಾಸಗಳಲ್ಲಿ ಉತ್ತರವನ್ನು ಹುಡುಕಿದನು. ಸೆರ್ಬಿಯಾದ ಗಣಿತಜ್ಞ ಮಿಲುಟಿನ್ ಮಿಲಂಕೋವಿಚ್ ಹಲವು ದಶಕಗಳ ಲೆಕ್ಕಾಚಾರದಿಂದ ಅದಕ್ಕೆ ಪೂರ್ಣರೂಪ ಕೊಟ್ಟು ೧೯೪೧ರಲ್ಲಿ ಪ್ರಕಟಿಸಿದನು.

ಮಿಲಂಕೋವಿಚ್ ಎಣಿಸಿದ ಚಲನೆಗಳು ಮೂರು. ಭೂಮಿಯ ಕಕ್ಷೆಯು ಸುಮಾರು ಒಂದು ಲಕ್ಷ ವರ್ಷಗಳ ಅವಧಿಯಲ್ಲಿ ವೃತ್ತಕ್ಕೆ ಹತ್ತಿರವಾಗಿ, ಮತ್ತೆ ಸ್ವಲ್ಪ ನೀಳವಾಗುತ್ತದೆ. ಭೂಮಿಯ ಅಕ್ಷದ ಓಲು ೪೧,೦೦೦ ವರ್ಷಗಳಲ್ಲಿ ೨೨.೧ ಡಿಗ್ರಿಯಿಂದ ೨೪.೫ ಡಿಗ್ರಿಯವರೆಗೆ ಹೋಗಿ ಬರುತ್ತದೆ. ಮೂರನೆಯದು ಅಯನಚಲನೆ. ಬುಗುರಿಯು ತಿರುಗುತ್ತಲೇ ತಲೆದೂಗುವಂತೆ ಭೂಮಿಯ ಅಕ್ಷವು ಸುಮಾರು ೨೬,೦೦೦ ವರ್ಷಗಳಿಗೊಮ್ಮೆ ಆಕಾಶದಲ್ಲಿ ಒಂದು ಸುತ್ತನ್ನು ಮುಗಿಸುತ್ತದೆ.

ಈ ಮೂರನೆಯ ಚಲನೆಯ ಗುರುತು ಪಂಚಾಂಗವನ್ನು ಬಲ್ಲ ಪ್ರತಿಯೊಂದು ಮನೆಯಲ್ಲಿಯೂ ಉಂಟು. ಸೂರ್ಯನು ಉತ್ತರಾಭಿಮುಖನಾಗುವುದು ಡಿಸೆಂಬರ್ ೨೧ ಅಥವಾ ೨೨ರಂದು. ಮಕರಸಂಕ್ರಾಂತಿಯನ್ನು ಆಚರಿಸುವುದು ಜನವರಿ ೧೪ ಅಥವಾ ೧೫ರಂದು. ಒಂದು ಕಾಲಕ್ಕೆ ಒಂದೇ ದಿನ ಬರುತ್ತಿದ್ದ ಇವೆರಡರ ನಡುವೆ ಇಂದು ಮೂರು ವಾರಗಳಿಗೂ ಮೀರಿದ ಅಂತರವಿದೆ. ಸುಮಾರು ೭೨ ವರ್ಷಗಳಿಗೆ ಒಂದು ಡಿಗ್ರಿಯಂತೆ ಸರಿಯುವ ಅಯನಾಂಶವೇ ಇದಕ್ಕೆ ಕಾರಣ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ೧೯೫೫ರಲ್ಲಿ ವರದಿಯನ್ನೊಪ್ಪಿಸಿದ ಪಂಚಾಂಗ ಸುಧಾರಣಾ ಸಮಿತಿಯು ಎತ್ತಿ ತೋರಿಸಿದುದೂ ಈ ವ್ಯತ್ಯಾಸವನ್ನೇ.

ಪಂಚಾಂಗವನ್ನು ಸರಿಸುವ ಈ ಚಲನೆಯೇ ಮಳೆಯನ್ನೂ ಸರಿಸುತ್ತದೆ. ಇಂದು ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪವಾಗುವುದು ಜನವರಿಯ ಮೊದಲ ವಾರದಲ್ಲಿ. ಸುಮಾರು ೧೧,೦೦೦ ವರ್ಷಗಳ ಹಿಂದೆ ಅದು ಉತ್ತರಾರ್ಧಗೋಳದ ಬೇಸಗೆಯಲ್ಲಿ ಸಮೀಪವಾಗುತ್ತಿತ್ತು. ಬೇಸಗೆಯ ಬಿಸಿಲು ತೀಕ್ಷ್ಣವಾದುದರಿಂದ ಏಷ್ಯಾ ಮತ್ತು ಆಫ್ರಿಕಾ ಖಂಡಗಳ ಮಾನ್ಸೂನ್ ಪ್ರಬಲವಾಯಿತು, ಸಹಾರಾ ಹಸುರಾಯಿತು. ಅಂದಿನಿಂದ ಉತ್ತರದ ಬೇಸಗೆಯ ಬಿಸಿಲು ಮೆಲ್ಲಮೆಲ್ಲನೆ ಇಳಿಯುತ್ತ ಬಂದಿದೆ. ಅಕ್ಷದ ಓಲೂ ಈಗ ೨೩.೪ ಡಿಗ್ರಿಯಷ್ಟಿದ್ದು ಕಡಿಮೆಯಾಗುತ್ತಿದೆ. ಎಂದರೆ ಕಕ್ಷೆಯ ಆವರ್ತವೊಂದೇ ಇಂದು ಕೆಲಸ ಮಾಡುತ್ತಿದ್ದಲ್ಲಿ ಉತ್ತರಾರ್ಧಗೋಳವು ಸಾವಿರಾರು ವರ್ಷಗಳ ಮಂದಗತಿಯಲ್ಲಿ ತಣಿಯುತ್ತಿರಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದವರೆಗೆ ನಡೆದುದು ಬಹುಮಟ್ಟಿಗೆ ಅದೇ. ಅನಂತರ ಕಂಡುದು ಏರಿಕೆ.

ಮಿಲಂಕೋವಿಚ್‌ನ ಗಣಿತಕ್ಕೆ ಪ್ರತ್ಯಕ್ಷ ಪ್ರಮಾಣವು ದೊರೆತುದು ಅವನು ತೀರಿಕೊಂಡ ಮೇಲೆ. ೧೯೭೬ರಲ್ಲಿ ಹೇಸ್, ಇಂಬ್ರೀ ಮತ್ತು ಶ್ಯಾಕಲ್ಟನ್ ಎಂಬ ಮೂವರು, ಹಿಂದೂ ಮಹಾಸಾಗರದ ದಕ್ಷಿಣ ಭಾಗದ ತಳದಿಂದ ತೆಗೆದ ಕೆಸರಿನ ಪದರಗಳಲ್ಲಿ ಈ ಆವರ್ತಗಳ ಅವಧಿಗಳನ್ನೇ ಕಂಡರು. ಸ್ವಾಭಾವಿಕ ಆವರ್ತವೆಂಬುದು ಊಹೆಯಲ್ಲ, ನಿಜ ಎಂಬುದು ಅಲ್ಲಿಗೆ ಸ್ಥಿರಪಟ್ಟಿತು.

೩

ಬಿಸಿಲಿನ ಈ ಸಣ್ಣ ಏರಿಳಿತವೊಂದರಿಂದಲೇ ಹಿಮಯುಗಗಳ ಪ್ರಮಾಣವನ್ನು ಪೂರ್ತಿ ವಿವರಿಸುವುದು ಸಾಧ್ಯವಿಲ್ಲ. ಅದಕ್ಕೆ ವಾತಾವರಣದ ಪಾತ್ರವನ್ನೂ ಸೇರಿಸಿಕೊಳ್ಳಬೇಕು. ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ನಳಿಗೆಯು ಬಿಸಿಲಿನಲ್ಲಿ ಹೆಚ್ಚು ಕಾಯುವುದನ್ನು ಅಮೆರಿಕದ ಯೂನಿಸ್ ಫೂಟ್ ಎಂಬಾಕೆ ೧೮೫೬ರಲ್ಲಿ ತೋರಿಸಿದ್ದಳು. ಭೂಮಿಯಿಂದ ಹೊರಹೋಗುವ ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಈ ಅನಿಲವೂ ನೀರಾವಿಯೂ ಹೀರಿಕೊಳ್ಳುತ್ತವೆ ಎಂಬುದನ್ನು ಜಾನ್ ಟಿಂಡಲ್ ೧೮೫೯ರಲ್ಲಿ ಅಳತೆಯಿಂದ ಸ್ಥಾಪಿಸಿದನು. ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ೧೮೯೬ರಲ್ಲಿ ಲೆಕ್ಕಕ್ಕೆ ಕುಳಿತುದು ಹಿಮಯುಗದ ಕಾರಣವನ್ನು ತಿಳಿಯುವುದಕ್ಕಾಗಿಯೇ. ಈ ಅನಿಲವು ಕಡಿಮೆಯಾದರೆ ಎಷ್ಟು ತಣಿಯುತ್ತದೆ ಎಂದು ಎಣಿಸಹೊರಟವನು, ಇಮ್ಮಡಿಯಾದರೆ ಎಷ್ಟು ಕಾಯುತ್ತದೆ ಎಂಬುದನ್ನೂ ಎಣಿಸಿ, ಐದಾರು ಡಿಗ್ರಿ ಎಂಬ ಉತ್ತರವನ್ನು ಪಡೆದನು. ಇಂದಿನ ಲೆಕ್ಕದಂತೆ ಅದು ಸುಮಾರು ಮೂರು ಡಿಗ್ರಿ. ಹೀಗೆ ಸ್ವಾಭಾವಿಕ ಆವರ್ತದ ವಿಚಾರವೂ ಮಾನವಕೃತ ತಾಪದ ವಿಚಾರವೂ ಒಂದೇ ಪ್ರಶ್ನೆಯಿಂದ ಹುಟ್ಟಿದವು.

ಅಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳು ಈ ವಿಚಾರಕ್ಕೆ ಸಾಕ್ಷಿಯಾಗಿ ಒದಗಿದವು. ರಷ್ಯನ್ನರ ವೋಸ್ಟಾಕ್ ನೆಲೆಯಲ್ಲಿ ಕೊರೆದು ತೆಗೆದ ಹಿಮವು ನಾಲ್ಕು ಲಕ್ಷ ವರ್ಷಗಳಿಗೂ ಮೀರಿದ ಚರಿತ್ರೆಯನ್ನು ತೆರೆದರೆ, ಯೂರೋಪಿನವರು ಡೋಮ್ ಸಿ ಎಂಬಲ್ಲಿ ತೆಗೆದುದು ಎಂಟು ಲಕ್ಷ ವರ್ಷಗಳವರೆಗೆ ಮುಟ್ಟಿತು. ಈ ದೀರ್ಘಕಾಲದಲ್ಲಿ ಇಂಗಾಲದ ಡೈಆಕ್ಸೈಡಿನ ಪ್ರಮಾಣವು ಗಾಳಿಯ ದಶಲಕ್ಷ ಭಾಗಕ್ಕೆ ಸುಮಾರು ೧೭೦ರಿಂದ ೩೦೦ ಭಾಗಗಳ ನಡುವೆ ಏರಿಳಿದಿದೆ. ಹಿಮಯುಗದಲ್ಲಿ ಕಡಿಮೆ, ನಡುವಣ ಬೆಚ್ಚನೆಯ ಯುಗಗಳಲ್ಲಿ ಹೆಚ್ಚು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತುವುದುಂಟು. ಹಿಮಯುಗವು ಮುಗಿಯುವಾಗ ಅಂಟಾರ್ಕ್ಟಿಕದ ಉಷ್ಣತೆಯು ಮೊದಲು ಏರತೊಡಗಿ, ಅನಿಲವು ಅದನ್ನು ಹಿಂಬಾಲಿಸಿದಂತೆ ತೋರುತ್ತದೆ. ಆದುದರಿಂದ ಅನಿಲವು ಕಾರ್ಯವೇ ಹೊರತು ಕಾರಣವಲ್ಲ ಎಂಬುದೇ ಆ ವಾದ. ಬೀಜದಿಂದ ಮರವಾಗುವುದನ್ನು ಕಂಡವನು ಮರದಿಂದ ಬೀಜವಾಗುವುದಿಲ್ಲ ಎಂದಂತೆ ಇದು. ಕಕ್ಷೆಯ ವ್ಯತ್ಯಾಸದಿಂದ ಮೊದಲ ಬಿಸಿ ಹುಟ್ಟಿತು. ಬಿಸಿಯಾದ ಕಡಲು ತನ್ನಲ್ಲಿ ಕರಗಿದ್ದ ಅನಿಲವನ್ನು ಹೊರಬಿಟ್ಟಿತು. ಆ ಅನಿಲವು ಭೂಮಿಯನ್ನು ಮತ್ತಷ್ಟು ಕಾಯಿಸಿತು. ಅಂದು ಕಡಲು ಬಿಟ್ಟ ಅನಿಲಕ್ಕೂ ಇಂದು ಕಲ್ಲಿದ್ದಲು ಬಿಡುವ ಅನಿಲಕ್ಕೂ ಶಾಖವನ್ನು ಹಿಡಿಯುವ ಗುಣದಲ್ಲಿ ಭೇದವಿಲ್ಲ.

ಭೇದವಿರುವುದು ವೇಗದಲ್ಲಿ. ಸುಮಾರು ೨೦,೦೦೦ ವರ್ಷಗಳ ಹಿಂದಿನ ಹಿಮಯುಗದ ಪರಾಕಾಷ್ಠೆಯ ಅನಂತರ, ಈ ಅನಿಲವು ದಶಲಕ್ಷಕ್ಕೆ ಸುಮಾರು ೮೦ ಭಾಗ ಹೆಚ್ಚುವುದಕ್ಕೆ ಕೆಲವು ಸಾವಿರ ವರ್ಷಗಳೇ ಹಿಡಿದವು. ಚಾರ್ಲ್ಸ್ ಡೇವಿಡ್ ಕೀಲಿಂಗ್ ೧೯೫೮ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳತೆಯನ್ನಾರಂಭಿಸಿದಾಗ ಅದು ೩೧೫ ಭಾಗಗಳಷ್ಟಿತ್ತು. ೨೦೨೪ರಲ್ಲಿ ೪೨೦ನ್ನು ಮೀರಿತ್ತು. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಹಿಮಯುಗವೊಂದರ ಅಂತ್ಯಕ್ಕಿಂತ ಹೆಚ್ಚಿನ ಬದಲಾವಣೆಯು ಗಾಳಿಯಲ್ಲಿ ಆಗಿಹೋಗಿದೆ.

೪

ಇನ್ನು ಸೂರ್ಯನ ವಿಚಾರ. ಸೂರ್ಯಕಲೆಗಳು ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಹೆಚ್ಚಿ ಕುಗ್ಗುವುದನ್ನು ಜರ್ಮನಿಯ ಶ್ವಾಬೆ ೧೮೪೩ರಲ್ಲಿ ಪ್ರಕಟಿಸಿದನು. ೧೬೪೫ರಿಂದ ೧೭೧೫ರವರೆಗೆ ಕಲೆಗಳು ಬಹು ವಿರಳವಾಗಿದ್ದುವೆಂಬುದೂ, ಆ ಕಾಲದಲ್ಲಿ ಯೂರೋಪಿನ ಚಳಿಗಾಲಗಳು ಕಠಿನವಾಗಿದ್ದುವೆಂಬುದೂ ತಿಳಿದ ವಿಷಯಗಳು. ಆದುದರಿಂದ ಸೂರ್ಯನ ಮೇಲೆ ಸಂಶಯ ಬರುವುದು ಸಹಜ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕೊಡೈಕೆನಾಲ್ ವೀಕ್ಷಣಾಲಯವು ಒಂದು ಶತಮಾನಕ್ಕೂ ಮೀರಿ ಸೂರ್ಯನ ಚಿತ್ರಗಳನ್ನು ಸಂಗ್ರಹಿಸಿಟ್ಟಿದೆ. ೧೯೭೮ರಿಂದ ಕೃತಕ ಉಪಗ್ರಹಗಳು ಬಿಸಿಲನ್ನು ವಾತಾವರಣದ ಆಚೆಯಿಂದಲೇ ಅಳೆಯುತ್ತಿವೆ. ಚದರ ಮೀಟರಿಗೆ ಸುಮಾರು ೧೩೬೧ ವ್ಯಾಟಿನಷ್ಟಿರುವ ಈ ಶಕ್ತಿಯು ಕಲೆಗಳ ಆವರ್ತದಲ್ಲಿ ಏರಿಳಿಯುವುದು ಸಾವಿರದಲ್ಲಿ ಒಂದು ಪಾಲು ಮಾತ್ರ. ಭೂಮಿಯ ತಾಪವು ಅತಿ ಶೀಘ್ರವಾಗಿ ಏರಿದ ಈ ದಶಕಗಳಲ್ಲಿ ಸೂರ್ಯನ ಶಕ್ತಿಯು ಏರುಮುಖವನ್ನು ತೋರಿಸಿಲ್ಲ.

ಜ್ವಾಲಾಮುಖಿಗಳು ಮಾಡುವ ಕೆಲಸವು ಮುಖ್ಯವಾಗಿ ತಣಿಸುವುದು. ೧೮೧೫ರಲ್ಲಿ ತಂಬೋರಾ ಸಿಡಿದ ಮರುವರ್ಷ ಯೂರೋಪಿಗೆ ಬೇಸಗೆಯೇ ಬಾರದಂತಾಯಿತು. ೧೯೯೧ರಲ್ಲಿ ಫಿಲಿಪೀನ್ಸಿನ ಪಿನಟುಬೋ ಸಿಡಿದಾಗ ಗಂಧಕದ ಸೂಕ್ಷ್ಮಕಣಗಳು ಮೇಲ್ಗಾಳಿಯಲ್ಲಿ ಹರಡಿ, ಭೂಮಿಯ ಸರಾಸರಿ ಉಷ್ಣತೆಯನ್ನು ಸುಮಾರು ಅರ್ಧ ಡಿಗ್ರಿಯಷ್ಟು ಒಂದೆರಡು ವರ್ಷ ತಗ್ಗಿಸಿದವು. ಅವು ಉಗುಳುವ ಇಂಗಾಲದ ಡೈಆಕ್ಸೈಡಾದರೋ ಮನುಷ್ಯನು ವರ್ಷವೊಂದಕ್ಕೆ ಹೊರಬಿಡುವುದರ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ.

೫

ಭಾರತಕ್ಕೆ ಅತ್ಯಂತ ಪರಿಚಿತವಾದ ಸ್ವಾಭಾವಿಕ ಆವರ್ತವು ಬೇರೊಂದು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಎಂದರೆ ೧೮೭೬ರಿಂದ ೧೮೭೮ರವರೆಗೆ, ದಕ್ಷಿಣ ಭಾರತವನ್ನು ನುಂಗಿದ ಕ್ಷಾಮವು ಕನ್ನಡನಾಡಿನ ನೆನಪಿನಿಂದ ಅಳಿದಿಲ್ಲ. ೧೮೭೧ರ ಜನಗಣತಿಯಲ್ಲಿ ಸುಮಾರು ೫೦ ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ೪೨ ಲಕ್ಷಕ್ಕೆ ಇಳಿದಿತ್ತು. ೧೮೯೯ರಲ್ಲಿ ಮತ್ತೊಮ್ಮೆ ಮಳೆಯು ಕೈಕೊಟ್ಟಿತು. ಮಳೆಯ ಮುನ್ಸೂಚನೆಯನ್ನು ಕಂಡುಹಿಡಿಯುವ ಹೊಣೆಯು, ೧೯೦೪ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾದ ಕೇಂಬ್ರಿಜಿನ ಗಣಿತಜ್ಞ ಗಿಲ್ಬರ್ಟ್ ವಾಕರನ ಮೇಲೆ ಬಿದ್ದಿತು. ಪ್ರಪಂಚದ ನಾನಾ ಕಡೆಗಳಿಂದ ತರಿಸಿದ ಅಂಕಿಗಳನ್ನು ಗುಮಾಸ್ತರಿಂದ ಕೂಡಿಸಿ ಕಳೆಯಿಸಿ ಅವನು ಕಂಡುದು ಇದು: ಪೆಸಿಫಿಕ್ ಸಾಗರದ ಮೇಲೆ ವಾಯುಭಾರವು ಹೆಚ್ಚಿದಾಗ ಹಿಂದೂ ಮಹಾಸಾಗರದ ಮೇಲೆ ತಗ್ಗುತ್ತದೆ, ಅಲ್ಲಿ ತಗ್ಗಿದಾಗ ಇಲ್ಲಿ ಹೆಚ್ಚುತ್ತದೆ. ಈ ತೂಗುಯ್ಯಾಲೆಗೂ ಪೆರು ದೇಶದ ಬೆಸ್ತರು ಎಲ್ ನಿನ್ಯೋ ಎಂದು ಕರೆಯುತ್ತಿದ್ದ ಕಡಲಿನ ಬಿಸಿಗೂ ಇರುವ ನಂಟನ್ನು ೧೯೬೯ರಲ್ಲಿ ನಾರ್ವೆ ಮೂಲದ ಬ್ಯರ್ಕ್ನೆಸ್ ವಿವರಿಸಿದನು. ೧೮೭೭ರ ಬರದ ಹಿಂದೆಯೂ ಪ್ರಬಲವಾದ ಎಲ್ ನಿನ್ಯೋ ಇದ್ದಿತೆಂದು ಈಗ ತಿಳಿದಿದೆ.

ಎರಡರಿಂದ ಏಳು ವರ್ಷಗಳಿಗೊಮ್ಮೆ ಬರುವ ಎಲ್ ನಿನ್ಯೋ ಭೂಮಿಯ ಸರಾಸರಿ ಉಷ್ಣತೆಯನ್ನು ಡಿಗ್ರಿಯ ಒಂದೆರಡು ದಶಾಂಶದಷ್ಟು ಏರಿಸುತ್ತದೆ. ೧೯೯೮, ೨೦೧೬ ಮತ್ತು ೨೦೨೪ ವಿಶೇಷವಾಗಿ ಬೆಚ್ಚಗಾದುದರಲ್ಲಿ ಅದರ ಕೈಯೂ ಇತ್ತು. ಆದರೆ ಎಲ್ ನಿನ್ಯೋ ಹೊಸ ಶಾಖವನ್ನು ಗಳಿಸುವುದಿಲ್ಲ. ಕಡಲಿನಲ್ಲಿದ್ದುದನ್ನು ಗಾಳಿಗೆ ಸಾಗಿಸುತ್ತದೆ. ಪೆಟ್ಟಿಗೆಯ ಹಣವನ್ನು ಜೇಬಿಗೆ ಹಾಕಿಕೊಂಡರೆ ಜೇಬು ತುಂಬುತ್ತದೆ, ಪೆಟ್ಟಿಗೆ ಬರಿದಾಗುತ್ತದೆ. ಇಂದಿನ ತಾಪಕ್ಕೆ ಇಂಥ ಸಾಗಾಣಿಕೆಯೇ ಕಾರಣವಾಗಿದ್ದರೆ ಕಡಲು ತಣಿಯುತ್ತಿರಬೇಕಾಗಿತ್ತು. ನಿಜವಾಗಿ ನೋಡಿದರೆ ಭೂಮಿಯಲ್ಲಿ ಸೇರಿಕೊಳ್ಳುತ್ತಿರುವ ಹೆಚ್ಚಿನ ಶಾಖದ ನೂರಕ್ಕೆ ತೊಂಬತ್ತು ಪಾಲು ಕಡಲಿನೊಳಕ್ಕೇ ಹೋಗುತ್ತಿದೆ. ಜೇಬೂ ಪೆಟ್ಟಿಗೆಯೂ ಜೊತೆಯಾಗಿ ತುಂಬುತ್ತಿವೆ.

೬

ಇಷ್ಟರಿಂದ ಸ್ವಾಭಾವಿಕ ಕಾರಣಗಳು ಸಾಲವೆಂದು ತಿಳಿಯಿತು. ಮನುಷ್ಯನೇ ಕಾರಣನೆಂಬುದಕ್ಕೆ ನೇರವಾದ ಲಕ್ಷಣಗಳೂ ಇವೆ.

ಮೊದಲನೆಯದು ಇಂಗಾಲದ ಗುರುತು. ಕಿರಣಶೀಲವಾದ ೧೪ನೆಯ ತೂಕದ ಇಂಗಾಲವು ೫,೭೩೦ ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕೋಟ್ಯಂತರ ವರ್ಷ ನೆಲದಲ್ಲಿ ಹೂತಿದ್ದ ಕಲ್ಲಿದ್ದಲು ಮತ್ತು ಎಣ್ಣೆಗಳಲ್ಲಿ ಅದು ಸ್ವಲ್ಪವೂ ಉಳಿದಿರುವುದಿಲ್ಲ. ಗಾಳಿಯ ಇಂಗಾಲದಲ್ಲಿ ಇದರ ಪಾಲು ಕುಗ್ಗಿರುವುದನ್ನು ಹಾನ್ಸ್ ಸ್ಯೂಸ್ ೧೯೫೫ರಲ್ಲಿಯೇ ಮರಗಳ ಉಂಗುರಗಳಿಂದ ತೋರಿಸಿದನು. ಸಸ್ಯಗಳು ಕಡಿಮೆ ಹೀರುವ ೧೩ನೆಯ ತೂಕದ ಇಂಗಾಲದ ಪಾಲೂ ಇಳಿಯುತ್ತಿದೆ. ಆದುದರಿಂದ ಹೊಸ ಇಂಗಾಲವು ಸಸ್ಯಮೂಲದ್ದು, ಜ್ವಾಲಾಮುಖಿಯದಲ್ಲ. ಗಾಳಿಯ ಆಮ್ಲಜನಕವೂ ಅತ್ಯಲ್ಪವಾಗಿ, ಆದರೆ ಅಳೆಯಬಹುದಾದಷ್ಟು, ಕಡಿಮೆಯಾಗುತ್ತಿರುವುದರಿಂದ ಅದು ಉರಿದು ಬಂದುದೆಂಬುದೂ ಖಚಿತ.

ಎರಡನೆಯದು ಶಾಖದ ಹಂಚಿಕೆ. ಸೂರ್ಯನೇ ಹೆಚ್ಚು ಕಾಯುತ್ತಿದ್ದರೆ ವಾತಾವರಣದ ಕೆಳಪದರವೂ ಮೇಲಣ ಸ್ತರಗೋಳವೂ ಎರಡೂ ಬಿಸಿಯಾಗಬೇಕು. ಇಂಗಾಲದ ಡೈಆಕ್ಸೈಡ್ ಕಾರಣವಾಗಿದ್ದರೆ ಕೆಳಗೆ ಬಿಸಿಯೇರಿ ಮೇಲೆ ತಣಿಯಬೇಕು. ಜಪಾನ್ ಮೂಲದ ಸ್ಯುಕುರೋ ಮನಾಬೆ ತನ್ನ ಸಹೋದ್ಯೋಗಿಯೊಡನೆ ೧೯೬೭ರಲ್ಲಿ ಲೆಕ್ಕದಿಂದ ಹೀಗೆಂದು ಹೇಳಿದನು. ಅನಂತರದ ಅಳತೆಗಳಲ್ಲಿ ಕಂಡುದೂ ಹಾಗೆಯೇ. ಸ್ವಾಭಾವಿಕ ಏರಿಳಿತದ ನಡುವೆ ಇಂಥ ಗುರುತುಗಳನ್ನು ಬೇರ್ಪಡಿಸುವ ವಿಧಾನವನ್ನು ರೂಪಿಸಿದ ಜರ್ಮನಿಯ ಕ್ಲಾಸ್ ಹಾಸಲ್ಮನ್ ಮತ್ತು ಮನಾಬೆ ಇವರಿಬ್ಬರೂ ೨೦೨೧ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಅದೇ ವರ್ಷ ಪ್ರಕಟವಾದ ಅಂತರಸರಕಾರಿ ವಾಯುಗುಣ ಮಂಡಲಿಯ ವರದಿಯು ಜಮಾಖರ್ಚನ್ನು ಹೀಗೆ ಒಪ್ಪಿಸಿದೆ. ೧೮೫೦-೧೯೦೦ರ ಸರಾಸರಿಗೆ ಹೋಲಿಸಿದರೆ ೨೦೧೦-೨೦೧೯ರ ದಶಕದಲ್ಲಿ ಮನುಷ್ಯನಿಂದಾದ ಏರಿಕೆಯು ಸುಮಾರು ೧.೦೭ ಸೆಂಟಿಗ್ರೇಡ್ ಡಿಗ್ರಿ. ಸೂರ್ಯ ಮತ್ತು ಜ್ವಾಲಾಮುಖಿಗಳ ಪಾಲು, ಏರಿಕೆಯಾಗಲಿ ಇಳಿಕೆಯಾಗಲಿ, ಡಿಗ್ರಿಯ ಹತ್ತನೆಯ ಒಂದು ಭಾಗವನ್ನು ಮೀರದು. ಕಡಲು-ಗಾಳಿಗಳ ಒಳ ಆವರ್ತಗಳದು ಹತ್ತನೆಯ ಎರಡು ಭಾಗವನ್ನು ಮೀರದು. ಕಂಡ ಏರಿಕೆಯ ಮೊತ್ತವೂ ಮನುಷ್ಯನ ಪಾಲೂ ಹೆಚ್ಚುಕಡಿಮೆ ಒಂದೇ ಆಗಿವೆ.

೭

ಈ ಲೆಕ್ಕದಲ್ಲಿ ಭಾರತದ ಸ್ಥಿತಿಯು ಸ್ವಲ್ಪ ಜಟಿಲವಾದುದು. ಪುಣೆಯಲ್ಲಿ ೧೯೬೨ರಲ್ಲಿ ಸ್ಥಾಪಿತವಾದ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಸಿದ್ಧಪಡಿಸಿ, ೨೦೨೦ರಲ್ಲಿ ಭಾರತ ಸರಕಾರದ ಭೂವಿಜ್ಞಾನ ಮಂತ್ರಾಲಯದಿಂದ ಪ್ರಕಟವಾದ ವರದಿಯಂತೆ, ೧೯೦೧ರಿಂದ ೨೦೧೮ರವರೆಗೆ ದೇಶದ ಸರಾಸರಿ ಉಷ್ಣತೆಯು ಏರಿದುದು ಸುಮಾರು ೦.೭ ಡಿಗ್ರಿ. ಇದು ಪ್ರಪಂಚದ ಸರಾಸರಿಗಿಂತ ಕಡಿಮೆ. ಇದನ್ನು ಕಂಡು ಸಮಾಧಾನಪಡುವ ಹಾಗಿಲ್ಲ. ಹೊಗೆಯ ಸೂಕ್ಷ್ಮಕಣಗಳು ಬಿಸಿಲನ್ನು ತಡೆದು ತಾಪದ ಒಂದು ಭಾಗವನ್ನು ಮರೆಮಾಡಿವೆ. ಅವೇ ಕಣಗಳು ನೆಲ-ಕಡಲುಗಳ ಉಷ್ಣತೆಯ ಅಂತರವನ್ನು ಕುಗ್ಗಿಸಿ ಮಾನ್ಸೂನನ್ನು ದುರ್ಬಲಗೊಳಿಸಿವೆಯೆಂದೂ ವರದಿಯು ಅಭಿಪ್ರಾಯಪಡುತ್ತದೆ. ೧೯೫೧ರಿಂದ ೨೦೧೫ರ ಅವಧಿಯಲ್ಲಿ ಮುಂಗಾರಿನ ಮಳೆಯು ನೂರಕ್ಕೆ ಸುಮಾರು ಆರರಷ್ಟು ಕಡಿಮೆಯಾಗಿದೆ. ಕಡಿಮೆಯಾದುದು ವಿಶೇಷವಾಗಿ ಗಂಗಾ ಬಯಲಿನಲ್ಲಿ ಮತ್ತು ಪಶ್ಚಿಮ ಘಟ್ಟಗಳಲ್ಲಿ. ಅದೇ ಅವಧಿಯಲ್ಲಿ ಹಿಂದೂ ಮಹಾಸಾಗರದ ಉಷ್ಣವಲಯದ ಭಾಗವು ಒಂದು ಡಿಗ್ರಿಯಷ್ಟು ಕಾದಿದೆ. ೧೯೯೩ರಿಂದೀಚೆಗೆ ಈ ಸಾಗರದ ಉತ್ತರ ಭಾಗದ ಮಟ್ಟವು ವರ್ಷಕ್ಕೆ ಮೂರು ಮಿಲಿಮೀಟರಿಗೂ ಮೀರಿ ಏರುತ್ತ ಬಂದಿದೆ. ಮುಂಬಯಿ, ಮಂಗಳೂರು, ಚೆನ್ನೈಗಳಂಥ ಕರಾವಳಿಯ ಪಟ್ಟಣಗಳಿಗೆ ಇದು ದೂರದ ಸಂಗತಿಯಲ್ಲ.

ಪ್ರತಿಯೊಂದು ಬರವನ್ನೂ ಪ್ರತಿಯೊಂದು ನೆರೆಯನ್ನೂ ಮನುಷ್ಯನ ತಲೆಗೆ ಕಟ್ಟುವುದು ಸಹ ಸತ್ಯಕ್ಕೆ ದೂರವೇ. ಎಲ್ ನಿನ್ಯೋ ಹಿಂದೆ ಬಂದಂತೆ ಮುಂದೆಯೂ ಬರುತ್ತದೆ. ಆದರೆ ೧೮೭೭ಕ್ಕಿಂತ ಒಂದು ಡಿಗ್ರಿಗೂ ಹೆಚ್ಚು ಕಾದಿರುವ ಭೂಮಿಯ ಮೇಲೆ ಬರುತ್ತದೆ. ಒಣಗಿದ ನೆಲವು ಮತ್ತಷ್ಟು ಬೇಗ ಒಣಗುತ್ತದೆ. ಸುರಿಯುವ ಮೋಡವು, ಬಿಸಿಗಾಳಿಯು ಹೆಚ್ಚು ನೀರಾವಿಯನ್ನು ಹೊರಬಲ್ಲುದಾದುದರಿಂದ, ಮತ್ತಷ್ಟು ರಭಸವಾಗಿ ಸುರಿಯುತ್ತದೆ.

ಪಾಲುಗಳನ್ನು ಬೇರ್ಪಡಿಸಿ ತಿಳಿಯುವುದರ ಪ್ರಯೋಜನವೂ ಇಲ್ಲಿಯೇ ಇದೆ. ಧಾತು-ಈಶ್ವರ ಸಂವತ್ಸರಗಳಲ್ಲಿ ಮಳೆಯನ್ನು ತಡೆದುದು ಪ್ರಕೃತಿ. ಹಸಿದ ದೇಶದಿಂದ ಧಾನ್ಯದ ರಫ್ತನ್ನು ನಿಲ್ಲಿಸದೆ, ಕಾಮಗಾರಿಯಲ್ಲಿ ದುಡಿದವರ ಕೂಲಿಯನ್ನು ಕಡಿತಗೊಳಿಸಿದುದು ಆಳುವವರು. ಬರವು ಸ್ವಾಭಾವಿಕವೆಂಬ ಮಾತು ಅವರ ಹೊಣೆಯನ್ನು ಕಳೆಯಲಿಲ್ಲ. ಆವರ್ತವು ಪ್ರಕೃತಿಯದಾದಲ್ಲಿ ಮನುಷ್ಯನ ಕರ್ತವ್ಯವು ಮುನ್ಸೂಚನೆಯನ್ನು ಕೇಳುವುದು, ಕೆರೆಗಳ ಹೂಳನ್ನೆತ್ತುವುದು, ಕಣಜವನ್ನು ತುಂಬಿಡುವುದು. ಏರಿಕೆಯು ತನ್ನದೇ ಆದಲ್ಲಿ ಕಾರಣವನ್ನು ನಿಲ್ಲಿಸುವುದು ಮತ್ತೊಂದು ಕರ್ತವ್ಯ. ಕಲ್ಲಿದ್ದಲಿನ ಒಲೆಯನ್ನು ಹೊತ್ತಿಸಿದವನು ಅದನ್ನು ಆರಿಸಲೂ ಬಲ್ಲನು. ಮೊದಲನೆಯ ಕರ್ತವ್ಯವನ್ನು ಮಾಡಿದುದರಿಂದ ಎರಡನೆಯದು ತೀರುವುದಿಲ್ಲ. ಎರಡನೆಯದನ್ನು ಮುಂದೂಡಿದಷ್ಟೂ ಮೊದಲನೆಯದರ ಭಾರವು ಹೆಚ್ಚುತ್ತ ಹೋಗುತ್ತದೆ.